ಬೈಗುಳವಲ್ಲದ ಒಂದು ಮಾತು

ಜೂನ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಮೊದಲಾಗುತ್ತದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿದ ಮಗನೋ ಮಗಳೋ ಅತ್ತ ಮಂಗಳೂರಿಗೋ ಪುತ್ತೂರಿಗೋ, ಇತ್ತ ಕಣ್ಣೂರಿಗೋ ಕಲ್ಲಿಕೋಟೆಗೋ ಹೊರಟು ನಿಲ್ಲುತ್ತಾರೆ. ಹಾಸಿಗೆ ಸುತ್ತಿಡುವುದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುವುದು, ಅಡಿಕೆ ಮಾರಿದ ಹಣದಲ್ಲಿ ಹಾಸ್ಟೆಲಿನ ಕಂತನ್ನು ಹೊಂದಿಸುವುದು, ಇವೆಲ್ಲ ಸಾಂಗವಾಗಿ ನಡೆಯುತ್ತವೆ. "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ತಾಯಿ ಹೇಳುತ್ತಾಳೆ. "ಮನಸ್ಸಿಟ್ಟು ಓದು" ಎಂದು ತಂದೆ ಹೇಳುತ್ತಾನೆ. ಇನ್ನೊಂದು ಮಾತು ಮಾತ್ರ ಎಲ್ಲರ ಮನಸ್ಸಿನಲ್ಲಿದ್ದೂ ಯಾರ ಬಾಯಿಂದಲೂ ಹೊರಡದೆ ಉಳಿದುಬಿಡುತ್ತದೆ. ಹೆಚ್ಚೆಂದರೆ, ಬಸ್ಸು ಹೊರಡುವ ಹೊತ್ತಿಗೆ, "ಕೆಟ್ಟ ಸಹವಾಸಕ್ಕೆ ಬೀಳಬೇಡ" ಎಂಬ ಒಂದೇ ಒಂದು ವಾಕ್ಯ. ಕುಡಿತ, ಗಾಂಜಾ, ಈಚೆಗೆ ಪತ್ರಿಕೆಗಳಲ್ಲಿ ದಿನವೂ ಹೆಸರು ಕಾಣುವ ಮಾದಕ ಪುಡಿಗಳು, ಇವೆಲ್ಲದರ ಭಯವನ್ನೂ ನಾವು ಆ ಒಂದು ವಾಕ್ಯದೊಳಗೆ ತುಂಬಿ ಕಳುಹಿಸಿಬಿಡುತ್ತೇವೆ.

ಈ ತಿಂಗಳು ಈ ವಿಷಯವನ್ನೇ ಎತ್ತಿಕೊಳ್ಳಲು ಕಾರಣ, ವಾಚಕರಾದ ತಾಯಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ. "ಮಗನೊಡನೆ ಈ ವಿಷಯ ಮಾತನಾಡಬೇಕೆಂದಿದೆ. ಆದರೆ ಎಲ್ಲಿಂದ ಆರಂಭಿಸಲಿ? ಮಾತೆತ್ತಿದರೆ 'ನನ್ನ ಮೇಲೆ ನಿಮಗೆ ಸಂಶಯವೆ?' ಎಂದು ಸಿಡುಕುತ್ತಾನೆ. ಎತ್ತದಿದ್ದರೆ ನನಗೆ ನಿದ್ರೆ ಹತ್ತುವುದಿಲ್ಲ." ಆ ತಾಯಿಯ ಸಂಕಟ ಅವರೊಬ್ಬರದೇ ಅಲ್ಲ. ಅಕ್ಕಲಕೋಟೆಯ ಮನೆಯಲ್ಲಾಗಲಿ ಹೊಸೂರಿನ ಮನೆಯಲ್ಲಾಗಲಿ, ದೂರದ ಕಾಲೇಜಿಗೆ ಮಕ್ಕಳನ್ನು ಕಳುಹಿಸಿದ ತಾಯ್ತಂದೆಯರೆಲ್ಲರ ಸಂಕಟ ಇದೇ.

ನಮ್ಮ ಅಭಿಪ್ರಾಯದಲ್ಲಿ ತೊಡಕಿರುವುದು ಮಾತು ಆರಂಭಿಸುವಲ್ಲಿ ಮಾತ್ರವಲ್ಲ, ಆಡುವ ಶಬ್ದಗಳಲ್ಲಿಯೇ ಇದೆ. ಮನೆಯಲ್ಲಿ ನಾವು ಆಡುವುದು ಕನ್ನಡವಾಗಿರಲಿ, ತುಳುವಾಗಿರಲಿ, ಕೊಂಕಣಿಯೋ ಮರಾಟಿಯೋ ಆಗಿರಲಿ, ಕುಡಿತದ ವಿಷಯಕ್ಕೆ ನಮ್ಮಲ್ಲಿ ಬೈಗುಳಗಳು ಬೇಕಾದಷ್ಟಿವೆ, ಮಾತುಗಳು ಮಾತ್ರ ಇಲ್ಲ. 'ಕುಡುಕ' ಎಂದೊಡನೆ ಕಣ್ಣಮುಂದೆ ನಿಲ್ಲುವವನು ಚರಂಡಿಯ ಬದಿಯಲ್ಲಿ ಬಿದ್ದುಕೊಂಡ, ಹೆಂಡತಿಯ ಕರಿಮಣಿಯನ್ನು ಅಡವಿಟ್ಟ ಒಬ್ಬ ಮುದುಕ. ಹದಿನೆಂಟರ ಹುಡುಗ ಗೆಳೆಯನ ಹುಟ್ಟುಹಬ್ಬದ ದಿನ ಒಂದು ಲೋಟ ಬಿಯರನ್ನು ಕೈಯಲ್ಲಿ ಹಿಡಿದಾಗ ಆ ಚಿತ್ರದಲ್ಲಿ ತನ್ನನ್ನು ಕಾಣುವುದಿಲ್ಲ. ಆದುದರಿಂದ ಕುಡುಕರನ್ನು ಕುರಿತು ನಾವು ಮಾಡಿದ ಉಪದೇಶವೆಲ್ಲವೂ ಬೇರೆ ಯಾರಿಗೋ ಹೇಳಿದ್ದೆಂದು ಅವನಿಗೆ ತೋರುತ್ತದೆ. ಮುಂದೆ ಎಂದಾದರೂ ಅವನು ನಿಜವಾಗಿ ತೊಂದರೆಗೆ ಸಿಕ್ಕಿದಾಗಲೋ, ಅದೇ ಬೈಗುಳ ಅವನ ಬಾಯಿಗೆ ಬೀಗವಾಗುತ್ತದೆ. "ನಾನು ಕುಡುಕನಾಗಿದ್ದೇನೆ" ಎಂದು ಅಪ್ಪನ ಮುಂದೆ ಹೇಳುವ ಎದೆಗಾರಿಕೆ ಯಾವ ಮಗನಿಗಿದ್ದೀತು?

ಆದಕಾರಣ ಮಕ್ಕಳೊಡನೆ ಆಡುವ ಮಾತು ಮನುಷ್ಯನ ಯೋಗ್ಯತೆಯನ್ನು ಕುರಿತಾಗಿರದೆ ವಸ್ತುವನ್ನು ಕುರಿತದ್ದಾಗಿರಲಿ. ಯಾವುದು, ಎಷ್ಟು, ದೇಹದೊಳಗೆ ಹೋಗಿ ಏನು ಮಾಡುತ್ತದೆ, ಕಾನೂನು ಏನೆನ್ನುತ್ತದೆ, ಆಪತ್ತು ಬಂದರೆ ಏನು ಮಾಡಬೇಕು, ಎಂಬಷ್ಟು ಸಂಗತಿಗಳು ಮೊದಲು ನಮಗೆ ತಿಳಿದಿರಬೇಕು. ನಮಗೇ ತಿಳಿಯದೆ ಹೇಳಹೊರಟರೆ ಮಕ್ಕಳು ಎರಡನೆಯ ವಾಕ್ಯಕ್ಕೇ ನಕ್ಕುಬಿಡುತ್ತಾರೆ.

ಮಕ್ಕಳು ಎತ್ತುವ ಮೊದಲನೆಯ ಮಾತು, "ಈಗ ಎಲ್ಲರೂ ಕುಡಿಯುತ್ತಾರೆ" ಎಂಬುದು. ಇದು ಸುಳ್ಳು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ದೇಶದಾದ್ಯಂತ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರುಷದೊಳಗಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6 ಮಂದಿ; ಗಂಡಸರನ್ನಷ್ಟೇ ಎಣಿಸಿದರೆ ನೂರಕ್ಕೆ 27.3. ಗಾಂಜಾ, ಭಂಗಿ ಮೊದಲಾದವನ್ನು ಸೇವಿಸುವವರು ನೂರಕ್ಕೆ 2.8. ಅಂದರೆ ಗಂಡಸರಲ್ಲಿಯೂ ನಾಲ್ವರಲ್ಲಿ ಸುಮಾರು ಮೂವರು ಕುಡಿಯುವುದಿಲ್ಲ. ಹಾಸ್ಟೆಲಿನ ಒಂದು ಕೋಣೆಯಲ್ಲಿ ಐವರು ಕುಡಿಯುತ್ತಿದ್ದರೆ ಆ ಐವರ ಗದ್ದಲ ಇಡೀ ಕಟ್ಟಡಕ್ಕೆ ಕೇಳಿಸುತ್ತದೆ. ತಮ್ಮ ಪಾಡಿಗೆ ಮಲಗಿದ ಐವತ್ತು ಮಂದಿಯ ಸದ್ದು ಯಾರಿಗೂ ಕೇಳಿಸುವುದಿಲ್ಲ. ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಬೇಕು. ಬೇಡವೆಂದವನು ಒಂಟಿಯಲ್ಲ ಎಂದು ಗೊತ್ತಾದರೆ ಬೇಡವೆನ್ನುವುದು ಸುಲಭವಾಗುತ್ತದೆ.

ಎರಡನೆಯ ಮಾತು, "ಬಿಯರ್ ಎಂದರೆ ಹೆಂಡವಲ್ಲ" ಎಂಬುದು. ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಬ್ರಾಂದಿ, ವಿಸ್ಕಿಗಳ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಇರುವ ಮದ್ಯಸಾರ ಸುಮಾರು 10 ಗ್ರಾಂ. ನೂರಕ್ಕೆ 8ರಷ್ಟು ಮದ್ಯಸಾರವಿರುವ 'ಸ್ಟ್ರಾಂಗ್' ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಅದು ಸುಮಾರು 41 ಗ್ರಾಂ. ಎಂದರೆ ಒಂದು ಬಾಟಲಿ ಬಿಯರು ನಾಲ್ಕು ಪೆಗ್ಗಿಗೆ ಸಮ. ನಮ್ಮ ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ಗಿನಷ್ಟನ್ನು ಮಾತ್ರ ಅರಗಿಸಬಲ್ಲುದು. ಕಾಫಿ ಕುಡಿಸಿದರೂ, ಲಿಂಬೆಹಣ್ಣಿನ ರಸ ಕುಡಿಸಿದರೂ, ತಲೆಗೆ ತಣ್ಣೀರು ಸುರಿದರೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಹತ್ತಕ್ಕೆ ಒಂದು ಬಾಟಲಿ ಮುಗಿಸಿದವನು ಹನ್ನೊಂದಕ್ಕೆ "ಇಳಿಯಿತು" ಎಂದು ಬೈಕು ಹತ್ತಿದರೆ, ಇಳಿದಿರುವುದು ಅವನ ಎಚ್ಚರ ಮಾತ್ರ. ವಾಹನ ನಡೆಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರಕೂಡದೆಂದು ಮೋಟಾರು ವಾಹನ ಕಾನೂನು ಹೇಳುತ್ತದೆ. 2019ರ ತಿದ್ದುಪಡಿಯ ಮೇಲೆ ಮೊದಲ ಸಲದ ತಪ್ಪಿಗೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಆದರೆ ದಂಡದ ಭಯಕ್ಕಿಂತಲೂ, ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಹಿಂಬದಿಯ ಸೀಟಿನಲ್ಲಿ ಕುಳಿತ ಗೆಳೆಯನ ತಾಯಿಯ ನೆನಪೇ ಹೆಚ್ಚು ಉಪಕಾರಿ ಎಂದು ನಮಗೆ ತೋರುತ್ತದೆ.

"ಗಾಂಜಾ ಬರಿಯ ಸೊಪ್ಪು, ಪ್ರಕೃತಿಯ ವಸ್ತು" ಎಂಬುದು ಇದೇ ಜಾತಿಯ ಇನ್ನೊಂದು ಮಾತು. ಕಾಸರಕನ ಮರವೂ ಪ್ರಕೃತಿಯ ವಸ್ತುವೇ; ಅದರ ಬೀಜವನ್ನು ಯಾರೂ ಅಗಿಯುವುದಿಲ್ಲ. ಗಾಂಜಾ ಸೇದುವುದರಿಂದ ನೆನಪಿಗೂ ಏಕಾಗ್ರತೆಗೂ ಕುಂದು ಬರುತ್ತದೆ; ಎಳೆಯ ವಯಸ್ಸಿನಲ್ಲಿ ಮೇಲಿಂದ ಮೇಲೆ ಸೇದುವ ಕೆಲವರಲ್ಲಿ, ಮುಖ್ಯವಾಗಿ ಕುಟುಂಬದಲ್ಲಿ ಮನೋರೋಗವಿದ್ದವರಲ್ಲಿ, ಚಿತ್ತಭ್ರಮೆಯೇ ಮೊಳೆಯುವುದುಂಟು. ಎಂ.ಡಿ.ಎಂ.ಎ. ಎಂಬ ಪುಡಿಯ ಸಂಗತಿ ಇನ್ನೂ ಭಯಂಕರ. ಅದು ಮೈಯ ಕಾವನ್ನು ಅತಿಯಾಗಿ ಏರಿಸಬಲ್ಲುದು, ಹೃದಯದ ಬಡಿತವನ್ನು ಕೆಡಿಸಬಲ್ಲುದು. ಮೇಲಾಗಿ, ಕೊಳ್ಳುವವನ ಕೈಗೆ ಬಂದ ಪೊಟ್ಟಣದಲ್ಲಿ ಅದೇ ಇದೆಯೋ, ಅದಕ್ಕೆ ಮತ್ತೇನು ಬೆರೆತಿದೆಯೋ, ಮಾರುವವನಿಗೂ ತಿಳಿದಿರುವುದಿಲ್ಲ. ನಿದ್ರೆಯ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳನ್ನು ಅಮಲಿಗಾಗಿ ಬಳಸುವ ಅಭ್ಯಾಸವೂ ಉಂಟು. ಅಂತಹ ಮಾತ್ರೆಗಳು ಮದ್ಯದೊಡನೆ ಕೂಡಿದರೆ ಉಸಿರಾಟವೇ ನಿಂತುಹೋಗಬಹುದು. "ಔಷಧಿಯಂಗಡಿಯಲ್ಲಿ ಸಿಗುವುದಲ್ಲವೆ?" ಎಂಬ ಧೈರ್ಯ ಸಲ್ಲದು.

ಮೂರನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು. "ಅಪ್ಪಾ, ನೀವೂ ಕುಡಿಯುತ್ತೀರಲ್ಲ?" ಇಲ್ಲವೆ, "ನಮ್ಮಲ್ಲಿ ದೈವಕ್ಕೇ ಕಳ್ಳು ಇಡುತ್ತಾರಲ್ಲ?" ಇಂತಹ ಪ್ರಶ್ನೆಗೆ ಕೆಂಡವಾಗುವುದರಿಂದ ಪ್ರಯೋಜನವಿಲ್ಲ; ಪ್ರಶ್ನೆ ನ್ಯಾಯವಾದದ್ದು. ಕೊರಗಜ್ಜನಿಗೆ ಕಳ್ಳನ್ನು ಅರ್ಪಿಸುವುದು ತುಳುನಾಡಿನ ನಡವಳಿಕೆ; ಅದನ್ನು ಹೀನವೆನ್ನಲು ನಾವು ಯಾರು? ತಾಳೆಯ ಮರವನ್ನೂ ತೆಂಗಿನ ಮರವನ್ನೂ ಹತ್ತಿ ಬಾಳಿದ ಮೂರ್ತೆದಾರರ ಮಕ್ಕಳು ನಮ್ಮ ಶಾಲೆಗಳಲ್ಲಿ ಓದಿ ದೊಡ್ಡವರಾಗಿದ್ದಾರೆ. ಆದರೆ ದೈವಕ್ಕೆ ಇಡುವುದಕ್ಕೆ ಒಂದು ಹೊತ್ತಿದೆ, ಒಂದು ಅಳತೆಯಿದೆ, ಒಂದು ಕಟ್ಟುಕಟ್ಟಳೆಯಿದೆ, ಸುತ್ತ ಊರು ನೆರೆದಿದೆ. ಹಾಸ್ಟೆಲಿನ ಮುಚ್ಚಿದ ಕೋಣೆಯಲ್ಲಿ ಇವು ಯಾವುವೂ ಇಲ್ಲ. ಈ ವ್ಯತ್ಯಾಸವನ್ನು ಸಮಾಧಾನದಿಂದ ವಿವರಿಸಿದರೆ ಮಕ್ಕಳು ಒಪ್ಪುತ್ತಾರೆ.

ಕುಡಿಯುವ ತಂದೆ ಏನು ಹೇಳಬೇಕು? ನಿಜವನ್ನೇ ಹೇಳಬೇಕು. "ಹೌದು, ನನಗೆ ಈ ಅಭ್ಯಾಸವಿದೆ. ಆರಂಭದಲ್ಲಿ ವಾರಕ್ಕೊಂದು ದಿನವಿತ್ತು, ಈಗ ಹೀಗಾಗಿದೆ. ಇದರಿಂದ ಮನೆಗೆ ಬಂದ ನಷ್ಟವನ್ನು ನೀನೇ ನೋಡಿದ್ದೀ." ಹೀಗೆ ಹೇಳುವ ತಂದೆ ಮಗನ ಕಣ್ಣಿನಲ್ಲಿ ಸಣ್ಣವನಾಗುವುದಿಲ್ಲ. ಇದರೊಡನೆ ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ತಿಳಿಸಲೇಬೇಕು: ತಂದೆಯೋ ಅಜ್ಜನೋ ಕುಡಿತದ ಚಟಕ್ಕೆ ಒಳಗಾಗಿದ್ದ ಮನೆಯ ಮಕ್ಕಳಿಗೆ ಆ ಚಟ ಅಂಟುವ ಸಂಭವ ಇತರರಿಗಿಂತ ಹೆಚ್ಚು. ರಕ್ತದಲ್ಲಿ ಬಂದ ಸಿಹಿಮೂತ್ರದ ಸಂಗತಿಯನ್ನು ಹೇಗೆ ಮುಚ್ಚಿಡದೆ ಹೇಳುತ್ತೇವೆಯೋ ಇದನ್ನೂ ಹಾಗೆಯೇ ಹೇಳಬೇಕು. ಇದು ಶಾಪವಲ್ಲ, ಎಚ್ಚರಿಕೆ.

ಗಡಿನಾಡಿನವರಾದ ನಮಗೆ ಕಾನೂನಿನ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಮದ್ಯ ಕೊಳ್ಳುವ ವಯಸ್ಸು ಒಂದೊಂದು ರಾಜ್ಯದಲ್ಲಿ ಒಂದೊಂದು. ಕೇರಳದಲ್ಲಿ ಅದು 2017ರವರೆಗೆ 21 ಇದ್ದು ಆಮೇಲೆ 23ಕ್ಕೆ ಏರಿತು. ಕರ್ನಾಟಕದಲ್ಲಿಯೂ ತಮಿಳುನಾಡಿನಲ್ಲಿಯೂ 21. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಕಟುವಾದ ಮದ್ಯಕ್ಕೆ 25. ಗೋವೆಯಲ್ಲಿ 18. ತಲಪಾಡಿಯನ್ನು ದಾಟಿದೊಡನೆ ನಿಯಮ ಬದಲಾಗುತ್ತದೆಂದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ನಾವು ಹೇಳಬೇಕಾದುದು ಇಷ್ಟೆ: ಗಡಿ ದಾಟಿದರೆ ಕಾನೂನು ಬದಲಾದೀತು, ಮಿದುಳು ಬದಲಾಗುವುದಿಲ್ಲ. ಮುಂದಾಲೋಚನೆಗೂ ಮನಸ್ಸಿನ ಹತೋಟಿಗೂ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿಯಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಬಲಿಯುವ ಮೊದಲೇ ಅಮಲಿಗೆ ಪಳಗಿದ ಮಿದುಳು ಬಿಡಿಸಿಕೊಳ್ಳಲು ಹೆಚ್ಚು ಕಷ್ಟಪಡುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವೆಂದು ಹೇಳುವಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿರುವುದನ್ನೂ ಇಲ್ಲಿ ನೆನೆಯಬಹುದು.

ಮಾದಕ ವಸ್ತುಗಳ ಕಾನೂನಿಗಾದರೋ ಗಡಿಯೇ ಇಲ್ಲ. 1985ರಲ್ಲಿ ಬಂದ ಆ ಕಾನೂನು ಇಡೀ ದೇಶಕ್ಕೆ ಒಂದೇ. ಸೇವಿಸಿದವನಿಗೂ ಅದರಲ್ಲಿ ಶಿಕ್ಷೆಯುಂಟು. ಎಂ.ಡಿ.ಎಂ.ಎ. ಪುಡಿ 10 ಗ್ರಾಂ ಮೀರಿತೆಂದರೆ ಅದು 'ವಾಣಿಜ್ಯ ಪ್ರಮಾಣ'. ಕಡಿಮೆಯೆಂದರೆ 10 ವರುಷ, ಹೆಚ್ಚೆಂದರೆ 20 ವರುಷ ಕಠಿಣ ಸಜೆ, ಮೇಲೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಹತ್ತು ಗ್ರಾಂ ಎಂದರೆ ಎಷ್ಟು? ಎರಡು ಮೂರು ಚಿಕ್ಕ ಚಮಚೆ ಸಕ್ಕರೆಯ ತೂಕ. ಹಾಸ್ಟೆಲಿನಿಂದ ಊರಿಗೆ ಹೊರಟ ಹುಡುಗನ ಕೈಯಲ್ಲಿ, "ಈ ಪೊಟ್ಟಣವನ್ನು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ" ಎಂದು ಯಾರಾದರೂ ಏನನ್ನಾದರೂ ಕೊಟ್ಟರೆ ಆ ಹುಡುಗನ ಗತಿಯೇನು? ವಸ್ತು ಅವನ ಚೀಲದಲ್ಲಿ ಸಿಕ್ಕಿದರೆ, ಅವನಿಗೆ ಅದರ ಅರಿವಿತ್ತೆಂದೇ ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ. ಇರಲಿಲ್ಲವೆಂದು ಸ್ಥಾಪಿಸುವ ಹೊರೆ ಅವನ ಮೇಲೆಯೇ ಬೀಳುತ್ತದೆ. ಗಡಿಯನ್ನು ವಾರವಾರ ದಾಟುವ ನಮ್ಮ ಮಕ್ಕಳಿಗೆ ಈ ಒಂದು ಸಂಗತಿಯನ್ನು ಬೇರೇನನ್ನು ಮರೆತರೂ ಹೇಳಲು ಮರೆಯಕೂಡದು: ತೆರೆದು ನೋಡದ ಪೊಟ್ಟಣವನ್ನು ಎಷ್ಟೇ ಹತ್ತಿರದ ಗೆಳೆಯ ಕೊಟ್ಟರೂ ಹೊರಬೇಡ.

ಇಷ್ಟನ್ನು ಹೇಳಿದ ಮೇಲೆ, ಎಲ್ಲಿ, ಯಾವಾಗ ಹೇಳುವುದೆಂಬ ಪ್ರಶ್ನೆ. ಊಟದ ಎಲೆಯ ಮುಂದೆ ಬೇಡ. ನೆಂಟರ ಎದುರಿನಲ್ಲಂತೂ ಕೂಡದು. ಎದುರುಬದುರು ಕುಳ್ಳಿರಿಸಿ ಪಂಚಾಯತಿ ಮಾಡುವ ಹಾಗೆಯೂ ಬೇಡ. ಅಡಿಕೆ ಸುಲಿಯುವಾಗ, ತೋಟಕ್ಕೆ ನೀರು ಬಿಡಲು ಜತೆಯಾಗಿ ಹೋದಾಗ, ಅಡುಗೆಮನೆಯಲ್ಲಿ ತಾಯಿಮಗಳು ತರಕಾರಿ ಹೆಚ್ಚುವಾಗ, ಕೈಗೆ ಕೆಲಸವಿದ್ದು ಕಣ್ಣು ಕಣ್ಣನ್ನು ಎದುರಿಸಬೇಕಾಗಿಲ್ಲದ ಹೊತ್ತಿನಲ್ಲಿ ಇಂತಹ ಮಾತುಗಳು ತಾವಾಗಿ ಹೊರಡುತ್ತವೆ. ಒಂದೇ ದಿನ ಎಲ್ಲವನ್ನೂ ಹೇಳಿ ಮುಗಿಸುವ ಆತುರವೂ ಬೇಡ. ನಾಲ್ಕು ಪಾಠಗಳನ್ನು ಒಂದೇ ಗಂಟೆಯಲ್ಲಿ ಮಾಡಿದರೆ ಒಂದೂ ತಲೆಗೆ ಹತ್ತದೆಂಬುದು ಮಾಸ್ತರಿಕೆ ಮಾಡಿದ ಎಲ್ಲರಿಗೂ ಗೊತ್ತು. ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ಉತ್ತರ ಹೇಳಬೇಕು. "ನಿಮ್ಮ ಹಾಸ್ಟೆಲಿನಲ್ಲಿ ಇದು ಹೇಗಿದೆ? ಯಾರಾದರೂ ಒತ್ತಾಯಿಸುತ್ತಾರೆಯೆ? ಬೇಡವೆಂದರೆ ಏನೆನ್ನುತ್ತಾರೆ?" ಎಂದು ವಿಚಾರಿಸಿ ಸುಮ್ಮನಿರುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ. ಆ ತಾಯಿಗೆ ಮಗ ಕೇಳುವ "ನನ್ನ ಮೇಲೆ ಸಂಶಯವೆ?" ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: "ಸಂಶಯವಲ್ಲ ಮಗಾ, ನಿನಗೆ ಈಜು ಕಲಿಸುವಾಗ ನೀನು ಮುಳುಗುವೆಯೆಂಬ ಸಂಶಯದಿಂದ ಕಲಿಸಿದೆವೆ? ಹೊಳೆಯಿರುವ ಊರೆಂದು ಕಲಿಸಿದೆವು."

ಹೆಣ್ಣುಮಕ್ಕಳೊಡನೆ ಈ ಮಾತು ಬೇಡವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅಮಲಿನ ವಸ್ತು ಗಂಡು ಹೆಣ್ಣೆಂದು ನೋಡುವುದಿಲ್ಲ. ಅಷ್ಟೇ ಮದ್ಯ ಹೆಣ್ಣಿನ ದೇಹಕ್ಕೆ ಹೆಚ್ಚು ಬೇಗ ಏರುತ್ತದೆ. ಕಣ್ಣು ತಪ್ಪಿಸಿ ಪಾನೀಯದಲ್ಲಿ ಏನಾದರೂ ಬೆರೆಸುವವರೂ ಇದ್ದಾರೆ. ಹಾಗೆ ಮೋಸಹೋದ ಮಗಳು ಮನೆಯವರ ಮಾನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರೆ ಮೋಸ ಮಾಡಿದವನಿಗೆ ಅದೇ ರಕ್ಷಣೆಯಾಗುತ್ತದೆ.

ಆದುದರಿಂದ ಮಗನಿಗಾಗಲಿ ಮಗಳಿಗಾಗಲಿ ಮನೆ ಬಿಡುವ ಮೊದಲು ಒಂದು ಮಾತು ಕೊಡಬೇಕು. "ಯಾವ ಹೊತ್ತಿಗಾದರೂ, ಯಾವ ಸ್ಥಿತಿಯಲ್ಲಾದರೂ, ನಮಗೆ ಫೋನು ಮಾಡು. ನಾವು ಬರುತ್ತೇವೆ, ಇಲ್ಲವೆ ಯಾರನ್ನಾದರೂ ಕಳುಹಿಸುತ್ತೇವೆ. ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮಾತನಾಡುವುದು ಮರುದಿನ." ಕೊಟ್ಟ ಮಾತನ್ನು ಆ ರಾತ್ರಿ ನಡೆಸಿಕೊಡಬೇಕು. ಜತೆಗೆ, ಗೆಳೆಯನೊಬ್ಬ ಕುಡಿದು ಎಚ್ಚರ ತಪ್ಪಿದರೆ ಮಾಡತಕ್ಕ ಕೆಲಸವನ್ನೂ ಹೇಳಿಕೊಡಬೇಕು. ಅವನನ್ನು ಅಂಗಾತ ಮಲಗಿಸಬಾರದು, ಒಂದು ಮಗ್ಗುಲಿಗೆ ಮಲಗಿಸಬೇಕು. ವಾಂತಿ ಗಂಟಲಿಗೆ ಸಿಕ್ಕಿ ಸಾಯುವವರುಂಟು. "ಮಲಗಿ ಎದ್ದರೆ ಸರಿಹೋಗುತ್ತದೆ" ಎಂದು ಒಬ್ಬನೇ ಬಿಟ್ಟು ಬರಬಾರದು. ಬಲವಂತವಾಗಿ ವಾಂತಿ ಮಾಡಿಸಬಾರದು. ಕರೆದರೆ ಓಗೊಡದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ, ಕೂಡಲೆ 108ಕ್ಕೋ 112ಕ್ಕೋ ಕರೆಮಾಡಬೇಕು. ಏನು ಸೇವಿಸಿದನೆಂಬುದನ್ನು ವೈದ್ಯರಿಗೆ ಮುಚ್ಚದೆ ಹೇಳಬೇಕು. ಕಳ್ಳಭಟ್ಟಿಯ ವಿಷಯದಲ್ಲಿ ಗಂಟೆಗಳ ವಿಳಂಬವೂ ಕಣ್ಣನ್ನು, ಪ್ರಾಣವನ್ನು ಕಳೆಯುತ್ತದೆ. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿಯಿಂದ ಅರವತ್ತಕ್ಕೂ ಮಿಕ್ಕಿ ಜನ ಸತ್ತುದನ್ನು ನಾವೆಲ್ಲ ಓದಿದ್ದೇವೆ.

ಮಗನ ಚೀಲದಲ್ಲಿ ಬಾಟಲಿಯೋ ಪೊಟ್ಟಣವೋ ಕೈಗೆ ಸಿಕ್ಕಿಬಿಟ್ಟರೆ ಏನು ಮಾಡಬೇಕು? ಇಲ್ಲಿ ನಮಗೆ ತಿಳಿದ ಒಂದು ಮನೆಯ ಕತೆಯನ್ನು ಹೇಳುವುದು ಉಪಯುಕ್ತವಾದೀತು. ಹುಡುಗ ಓದಿನಲ್ಲಿ ಜಾಣ, ದೂರದ ಕಾಲೇಜಿನಲ್ಲಿ ಎರಡನೆಯ ವರುಷದಲ್ಲಿದ್ದ. ರಜೆಗೆ ಬಂದಾಗ ತಂದೆಗೆ ವಿಷಯ ಗೊತ್ತಾಯಿತು. ಅಂಗಳದಲ್ಲಿ ಕೂಗಾಟವಾಯಿತು, ಕೈಯೂ ಎತ್ತಿದ್ದಾಯಿತು. "ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ" ಎಂದರು ತಂದೆ. ಹುಡುಗ ಆ ಮಾತನ್ನು ಅಕ್ಷರಶಃ ನಡೆಸಿಕೊಟ್ಟ. ಎರಡು ದೀಪಾವಳಿಗಳು ಅವನಿಲ್ಲದೆ ಕಳೆದವು. ಕೂಗಾಟದ ದಿನ ವಾರಕ್ಕೊಮ್ಮೆ ಇದ್ದ ಅಭ್ಯಾಸ, ಕೇಳುವವರಿಲ್ಲದೆ, ದಿನನಿತ್ಯದ್ದಾಯಿತು, ಪರೀಕ್ಷೆಗಳು ತಪ್ಪಿದವು. ಕೊನೆಗೆ ಸೋದರಮಾವ ಯಾರಿಗೂ ಹೇಳದೆ ಅವನಿದ್ದಲ್ಲಿಗೆ ಹೋಗಿ ಎರಡು ದಿನ ಅವನ ಕೋಣೆಯಲ್ಲೇ ತಂಗಿದರು. ಕುಡಿತದ ಮಾತನ್ನೇ ಎತ್ತಲಿಲ್ಲ. ಮೂರನೆಯ ದಿನ ಬೆಳಗ್ಗೆ ಹುಡುಗ ತಾನಾಗಿ, "ಮಾವಾ, ಕೈ ನಡುಗುತ್ತದೆ, ಬಿಡಲಾಗುವುದಿಲ್ಲ" ಎಂದ. "ಹಾಗಾದರೆ ಡಾಕ್ಟರಲ್ಲಿಗೆ ಹೋಗುವ" ಎಂದರು ಮಾವ. ಅಷ್ಟೇ ಮಾತು. ಚಿಕಿತ್ಸೆಯಾಯಿತು, ಮಧ್ಯೆ ಒಮ್ಮೆ ಜಾರಿದ, ಪುನಃ ಚಿಕಿತ್ಸೆಯಾಯಿತು. ಪದವಿ ಎರಡು ವರುಷ ತಡವಾಗಿ ಕೈಗೆ ಬಂತು. ಈಗ ಒಂದು ಕೆಲಸದಲ್ಲಿದ್ದಾನೆ. ತಂದೆಮಗನ ನಡುವೆ ಇಂದಿಗೂ ಮಾತು ಕಡಿಮೆ. ಆ ಎರಡು ವರುಷಗಳನ್ನು ಯಾರೂ ಅವರಿಗೆ ಹಿಂದಿರುಗಿಸಲಾರರು. ತಂದೆ ಕೆಟ್ಟವರಲ್ಲ, ಮಗನ ಮೇಲಿನ ಪ್ರೀತಿಯೇ ಅಂದು ಕೋಪವಾಗಿ ಹೊರಟಿತ್ತು. ಆದರೆ ಮುಚ್ಚಿದ ಬಾಗಿಲಿಗೆ ಒಳಗಿನ ಪ್ರೀತಿಯನ್ನು ಹೊರಗೆ ತೋರಿಸುವ ಶಕ್ತಿಯಿಲ್ಲ.

ಆದಕಾರಣ ಕೈಗೆ ಸಿಕ್ಕಿದ ಆ ಗಳಿಗೆಯಲ್ಲಿ ಮಾತನಾಡಬೇಡಿ. ಅಮಲಿನಲ್ಲಿರುವವನೊಡನೆಯೂ ಬೇಡ. ಒಂದು ರಾತ್ರಿ ಕಳೆಯಲಿ. ಮರುದಿನ ತಂದೆತಾಯಿ ಇಬ್ಬರೂ ಒಂದೇ ಮಾತಿಗೆ ಬಂದು, ಅವನೊಬ್ಬನನ್ನೇ ಕರೆದು ಕೇಳಿ: ಏನು, ಎಷ್ಟು, ಎಂದಿನಿಂದ, ಬಿಡಬೇಕೆಂದರೆ ಬಿಡಲಾಗುತ್ತದೆಯೆ? ಒಂದೆರಡು ಸಲ ರುಚಿ ನೋಡಿದವನಿಗೂ ಅದಿಲ್ಲದೆ ಬೆಳಗಾಗದವನಿಗೂ ವ್ಯತ್ಯಾಸವಿದೆ. ಮೊದಲನೆಯವನಿಗೆ ಮಾತು ಸಾಕಾದೀತು. ಎರಡನೆಯವನಿಗೆ ವೈದ್ಯರು ಬೇಕು.

ವೈದ್ಯರಲ್ಲಿಗೆ ಹೋಗುವ ಬದಲು ನಮ್ಮಲ್ಲಿ ಮಾಡುವ ಎರಡು ಕೆಲಸಗಳ ವಿಷಯದಲ್ಲಿ ಎಚ್ಚರ ಅಗತ್ಯ. ಒಂದು, ದೇವರ ಮುಂದೆ ಆಣೆ ಹಾಕಿಸಿ ಆ ದಿನದಿಂದಲೇ ಪೂರ್ತಿ ನಿಲ್ಲಿಸುವುದು. ಸಂಕಲ್ಪ ಒಳ್ಳೆಯದೇ. ಆದರೆ ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ನಡುಕ, ಅಪಸ್ಮಾರದಂತಹ ಸೆಳೆತ, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣೆದುರಿನಲ್ಲಿ, ಔಷಧಿಯ ಬೆಂಬಲದಿಂದ ನಿಲ್ಲಿಸಬೇಕು. ಇನ್ನೊಂದು, "ಗೊತ್ತಾಗದಂತೆ ಅನ್ನದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂಬ ಜಾಹೀರಾತನ್ನು ನಂಬುವುದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಹೊಟ್ಟೆಯಲ್ಲಿರುವಾಗ ಮದ್ಯ ಸೇವಿಸಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ಆದುದರಿಂದಲೇ ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡತಕ್ಕ ಔಷಧಿ ಅದು. ಗೊತ್ತಿಲ್ಲದೆ ತಿಂದವನ ಪ್ರಾಣಕ್ಕೆ ಸಂಚಕಾರ ಬಂದೀತು. ಪ್ರಾಣ ಉಳಿದರೂ ಮನೆಯ ಅನ್ನದ ಮೇಲಿನ ನಂಬಿಕೆ ಉಳಿಯದು.

ಸಹಾಯಕ್ಕೆ ಸ್ಥಳಗಳಿಲ್ಲದಿಲ್ಲ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ 'ಟೆಲಿ ಮಾನಸ್' 14416, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕೇರಳದಲ್ಲಿ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯಡಿ ಚಿಕಿತ್ಸಾ ಕೇಂದ್ರಗಳಿವೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ ವಿಭಾಗವಿದೆ. ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ನಮ್ಮಲ್ಲಿ ಹಲವರಿಗೆ ಪರಿಚಿತವಾದವು. "ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ" ಎಂದು ಹೆದರುವವರು ಒಂದು ಸಂಗತಿ ತಿಳಿದಿರಲಿ: ಮಾದಕ ವಸ್ತುವಿನ ಚಟಕ್ಕೆ ಬಿದ್ದವನು, ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಅಪರಾಧವಷ್ಟೇ ಇದ್ದು, ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿಗೊಳಿಸಿದರೆ, ಅವನನ್ನು ಶಿಕ್ಷೆಗೆ ಗುರಿಮಾಡದೆ ಬಿಡಲು 1985ರ ಅದೇ ಕಾನೂನಿನ 64ಎ ಸೆಕ್ಷನ್ನು ಅವಕಾಶ ಕೊಡುತ್ತದೆ. ಕಾನೂನೇ ಒಂದು ಬಾಗಿಲನ್ನು ತೆರೆದಿಟ್ಟಿರುವಾಗ ಮನೆ ತನ್ನ ಬಾಗಿಲನ್ನು ಮುಚ್ಚಬೇಕೆ?

ಇಷ್ಟೆಲ್ಲ ಮಾತನಾಡಿದ ಮೇಲೂ ಮಕ್ಕಳು ತಪ್ಪು ಮಾಡಬಹುದು. ಮಾತು ತಾಯಿತವಲ್ಲ. ಆದರೆ ಮಾತು ನಡೆದ ಮನೆಯ ಮಗು ತಪ್ಪಿದಾಗ ಹಿಂದಿರುಗುವ ದಾರಿಯನ್ನು ಬಲ್ಲುದು. ಈ ಜೂನಿನಲ್ಲಿ ಉಪ್ಪಿನಕಾಯಿ ಭರಣಿಯನ್ನು ಕಟ್ಟುವ ಮೊದಲು ಒಂದು ಸಂಜೆಯನ್ನು ಇದಕ್ಕೆಂದು ಬಿಡುವು ಮಾಡಿಕೊಳ್ಳಿರಿ. 'ಕುಡುಕ' ಎಂಬ ಶಬ್ದವನ್ನು ಆ ಸಂಜೆಯ ಮಟ್ಟಿಗೆ ಮರೆತು, ಎರಡು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ.